ಮೊರಿವಾಕಿ ತೋಟದ ಕ್ರಾಸಿಂಗ್

ಕಡಲ ಬದಿಯ ಹಯಸೆ ಊರಿಗೆ ರೈಲು ಬರುವುದು ನಿಂತಾಗ ತಮಾಕಿ ಇನ್ನೂ ಪ್ರಾಥಮಿಕ ಶಾಲೆಯ ಹುಡುಗಿ. ಹಳಿ ಕಿತ್ತರು, ನಿಲ್ದಾಣ ಬಸ್ಸು ನಿಲ್ಲುವ ಜಾಗವಾಯಿತು, ಸುರಂಗದ ಬಾಯಿಗೆ ಕಬ್ಬಿಣದ ಜಾಲರಿ ಬಿತ್ತು. ಊರಿನ ಹೈಸ್ಕೂಲಿನ ರೈಲ್ವೆ ಕ್ಲಬ್ ಮಾತ್ರ ಹೇಗೋ ಉಳಿದುಕೊಂಡಿತ್ತು. ಬೇಸ್‌ಬಾಲ್ ಹುಡುಗರು ಕ್ಲಬ್ಬಿನ ಕೋಣೆ ಮುಂದೆ ಹಾದುಹೋಗುವಾಗೆಲ್ಲ, "ಕೆರೆ ಬತ್ತಿದ ಮೇಲೆ ಈಜು ಕಲಿಯೋರು ನೋಡ್ರೋ ಇವರು" ಎಂದು ಕಿಚಾಯಿಸುತ್ತಿದ್ದರು.

ತಮಾಕಿ ಎರಡನೇ ವರ್ಷಕ್ಕೆ ಬಂದಾಗ ಕ್ಲಬ್ಬಿನ ಮುಂದಾಳುತನ ಅವಳ ಹೆಗಲಿಗೆ ಬಿತ್ತು. ಜೊತೆಗಿದ್ದವರು ಇಬ್ಬರು. ಅವಳದೇ ತರಗತಿಯ ಶೂಗೊ, ಮಾತು ಕಡಿಮೆ, ರಟ್ಟಿನಲ್ಲಿ ಮನೆ ಮಾಡಲು ಕೂತರೆ ಊಟ ಮರೆಯುವವನು. ಮೊದಲನೇ ವರ್ಷದ ಕೊಕೊನಾ, ತಂತಿಗೆ ಸ್ಪಂಜಿನ ಚೂರು ಅಂಟಿಸಿ ಮರ ಮಾಡುವವಳು, ಬಾಯಿಗೆ ಬೀಗವಿಲ್ಲ. ಮೇಲ್ವಿಚಾರಣೆಗೆ ರಸಾಯನಶಾಸ್ತ್ರದ ಇಗಾರಾಶಿ ಮೇಷ್ಟ್ರು ಇದ್ದರು. ಅಂಟಿನ ವಾಸನೆಗೆ ತಲೆನೋವು ಬರುತ್ತದೆಂದು ಅವರು ಬಾಗಿಲಲ್ಲೇ ನಿಂತು ವಿಚಾರಿಸಿ ಹೋಗುತ್ತಿದ್ದರು.

ಪ್ರತಿ ಬೇಸಿಗೆಯಲ್ಲಿ ಟೋಕಿಯೊದಲ್ಲಿ ಹೈಸ್ಕೂಲುಗಳ ರೈಲು ಮಾದರಿಗಳ ಸ್ಪರ್ಧೆ ನಡೆಯುತ್ತದೆ. ಆ ವರ್ಷ ಇವರು ಕಲ್ಪನೆಯ ಒಂದು ಬೆಟ್ಟದೂರನ್ನು ಕಟ್ಟಿಕೊಂಡು ಹೋಗಿ ಬರಿಗೈಯಲ್ಲಿ ಬಂದಿದ್ದರು. ಒಬ್ಬ ತೀರ್ಪುಗಾರ, "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇಲ್ಲಿ ಯಾರ ಬದುಕೂ ಕಾಣಿಸ್ತಿಲ್ಲವಲ್ಲ" ಎಂದು ನಗುತ್ತಲೇ ಹೇಳಿದ್ದ. ತಮಾಕಿಗೆ ಅದು ಮುಳ್ಳಿನಂತೆ ನಾಟಿತು. ವಾಪಸು ಬರುವ ಬಸ್ಸಿನಲ್ಲೇ ಅವಳು ತೀರ್ಮಾನಿಸಿಬಿಟ್ಟಳು. ಮುಂದಿನ ಸಲ ಹಯಸೆಯ ಹಳೆಯ ಲೈನನ್ನೇ ಕಟ್ಟಬೇಕು, ಕಡಲಿನ ಸೇತುವೆಯಿಂದ ಸುರಂಗದವರೆಗೆ, ಇದ್ದದ್ದು ಇದ್ದ ಹಾಗೆ.

ಇದ್ದದ್ದು ಹೇಗಿತ್ತೆಂದು ಹೇಳಲು ಅವರಿಗೆ ಒಬತಾ ತಾತ ಸಿಕ್ಕರು. ಒಂಟಿ ಬೋಗಿಯ ಡೀಸೆಲ್ ಗಾಡಿಯನ್ನು ಆ ಲೈನಿನಲ್ಲಿ ಓಡಿಸಿದ್ದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಬಂದರಿನ ಹಿಂದಿನ ಓಣಿಯಲ್ಲಿದ್ದರು. ಶೂಗೊ ಹೋಗಿ ಕರೆದಾಗ ಮೊದಲು, "ನನಗೇನು ನೆನಪಿರುತ್ತೆ, ಬಿಡಪ್ಪ" ಅಂದರು. ಮುಂದಿನ ಶನಿವಾರ ಗರಿಗರಿಯಾಗಿ ಸುಟ್ಟ ಅಕ್ಕಿಬಿಲ್ಲೆಗಳ ಪೊಟ್ಟಣ ಹಿಡಿದು ತಾವೇ ಬಂದರು. ಅಲ್ಲಿಂದ ಮುಂದೆ ಶನಿವಾರಗಳನ್ನು ತಪ್ಪಿಸಲಿಲ್ಲ.

ಅವರು ಬಂದರೆ ಕೋಣೆಗೆ ಜೀವ ಬರುತ್ತಿತ್ತು. ಥರ್ಮಾಕೋಲಿನ ಗುಡ್ಡವನ್ನು ಬೆರಳಿನಿಂದ ಒತ್ತಿ, "ಇಷ್ಟು ಕಡಿದಾಗಿದ್ರೆ ನನ್ನ ಗಾಡಿ ಉಸಿರು ಕಟ್ಟಿ ಸಾಯ್ತಿತ್ತು. ಕೆರೆದು ತೆಗೀರಿ" ಅನ್ನುತ್ತಿದ್ದರು. ಮಾದರಿ ಗಾಡಿ ಓಡಿಸುವ ಕಂಟ್ರೋಲರಿನ ಗುಂಡಿಯನ್ನು ಕೊಕೊನಾ ಒಮ್ಮೆಲೇ ತಿರುಗಿಸಿದರೆ, "ಏ ಹುಡುಗೀ, ಒಳಗೆ ಮೊಟ್ಟೆ ಬುಟ್ಟಿ ಇಟ್ಕೊಂಡಿರೋ ಮುದುಕಿ ಕೂತಿದ್ದಾಳೆ, ನಿಧಾನ" ಎಂದು ಗದರುತ್ತಿದ್ದರು. ಅವರ ಕೈಯಲ್ಲಿ ಹೆಬ್ಬೆರಳಷ್ಟು ಉದ್ದದ ಗಾಡಿ ಕೂಡ ಭಾರವಿದ್ದಂತೆ ಹೊರಡುತ್ತಿತ್ತು, ಭಾರವಿದ್ದಂತೆ ನಿಲ್ಲುತ್ತಿತ್ತು.

"ತಾತ, ಕೊನೇ ದಿನದ ಗಾಡಿ ಓಡಿಸಿದ್ದೂ ನೀವೇನಾ?" ಎಂದು ಕೊಕೊನಾ ಒಮ್ಮೆ ಕೇಳಿದಳು.

"ಇಲ್ಲ. ಅಷ್ಟು ಹೊತ್ತಿಗೆ ನಾನು ಟಿಕೆಟ್ ಕಿಟಕೀಲಿ ಕೂರ್ತಿದ್ದೆ."

"ಯಾಕೆ? ಕಣ್ಣು ಮಂಜಾಯ್ತಾ?"

"ಹೂಂ, ಅಂಥದ್ದೇ ಏನೋ" ಎಂದು ಅವರು ಅಕ್ಕಿಬಿಲ್ಲೆಯ ಪೊಟ್ಟಣ ಬಿಚ್ಚತೊಡಗಿದರು.

ಸೇತುವೆ ದಾಟಿದ ಮೇಲೆ ಲೈನು ಮರಸೇಬಿನ ತೋಟಗಳ ನಡುವೆ ಹಾಯುತ್ತಿತ್ತು. ಆ ಭಾಗಕ್ಕೆ ಬಂದಾಗ ತಾತ ಕ್ರಾಸಿಂಗುಗಳನ್ನು ಹೇಳುತ್ತ ಹೋದರು. ಶಾಲೆಯ ಹಿಂದಿನದು, ಅಕ್ಕಿಗಿರಣಿಯ ಹತ್ತಿರದ್ದು. ಆಮೇಲೆ ನೇರ ಸುರಂಗಕ್ಕೆ ಹಾರಿದರು. ತಮಾಕಿ ಹಳೆಯ ನಕ್ಷೆ ತೋರಿಸಿ, "ಮೊರಿವಾಕಿ ತೋಟದ ಹತ್ತಿರ ಇನ್ನೊಂದಿತ್ತಲ್ವಾ ತಾತ?" ಅಂದಳು.

"ಅಲ್ಲಿ ಗೇಟೂ ಇರಲಿಲ್ಲ, ಏನೂ ಇರಲಿಲ್ಲ. ತೋಟದೋರು ಓಡಾಡೋ ಕಾಲುದಾರಿ. ಅದನ್ನೇನು ಮಾಡ್ತೀರಿ, ಬಿಟ್ಟುಬಿಡಿ."

ಅವಳು ತಲೆಯಾಡಿಸಿದಳೇ ಹೊರತು ಬಿಡಲಿಲ್ಲ. ಊರಿನ ಗ್ರಂಥಾಲಯದಲ್ಲಿ ಹಳೆಯ ಫೋಟೊಗಳ ಸಂಪುಟವೊಂದಿತ್ತು. ಅದರಲ್ಲಿ ಆ ಕ್ರಾಸಿಂಗ್ ಇತ್ತು. ಎರಡು ಹಲಗೆ, ಹಳದಿ ಬಣ್ಣದ ಒಂದು ಕಂಬ, ಕಂಬದ ಪಕ್ಕ ತಲೆಗೆ ಬಿಳಿ ಟವೆಲ್ ಸುತ್ತಿದ ಹೆಂಗಸು, ಬರುತ್ತಿರುವ ಗಾಡಿಗೆ ಕೈ ಎತ್ತಿದ್ದಾಳೆ. ಮುಖ ತುಂಬ ನಗು. ಗ್ರಂಥಾಲಯದ ಹೆಂಗಸು ನೋಡಿ, "ಅಯ್ಯೋ, ಇವರು ಮೊರಿವಾಕಿ ಯಾಸುಯೊ ಅಲ್ವಾ! ಯಾವ ಗಾಡಿ ಬಂದರೂ ಕೈ ಬೀಸೋರು" ಅಂದಳು. ತೀರ್ಪುಗಾರ ಕೇಳಿದ್ದ ಬದುಕು ತನ್ನ ಕೈಗೆ ಸಿಕ್ಕಿತೆಂದು ತಮಾಕಿಗೆ ಅನಿಸಿತು.

ಮರುದಿನ ಶೂಗೊ ಅವಳನ್ನು ಕಾರಿಡಾರಿಗೆ ಕರೆದ.

"ನಮ್ಮಜ್ಜಿನ ಕೇಳಿದೆ ಕಣೇ. ಆ ಹೆಂಗಸು ಅಲ್ಲೇ ಗಾಡಿಗೆ ಸಿಕ್ಕಿ ಸತ್ತುಹೋದ್ರಂತೆ. ಅದೇ ಕ್ರಾಸಿಂಗಲ್ಲಿ."

"ಹೌದಾ?"

"ಒಬತಾ ತಾತನ್ನ ಒಂದು ಮಾತು ಕೇಳಿ ಮಾಡೋಣ. ಅವರು ಬಿಟ್ಟುಬಿಡಿ ಅಂದಿದ್ದು ಯಾಕೋ ಏನೋ."

"ಕೇಳಿದ್ರೆ ಮುಗೀತಲ್ಲ, ಬೇಡ ಅಂತಾರೆ. ಶಾಲೆ ಹಬ್ಬದ ದಿನ ತೋರಿಸಿದ್ರೆ ಖುಷಿಪಡ್ತಾರೆ ನೋಡು."

"ಸತ್ತಿರೋರು ಕಣೇ."

ಆಗ ತಮಾಕಿ ಒಂದು ಮಾತು ಅಂದಳು. ಅನ್ನುವಾಗ ಅವಳು ನಗುತ್ತಿದ್ದಳು. "ಇನ್ನೂ ಒಳ್ಳೇದಾಯ್ತಲ್ಲೋ, ಕತೆಗೆ ತೂಕ ಬರುತ್ತೆ."

ಶೂಗೊನ ಮೌನವನ್ನು ಒಪ್ಪಿಗೆ ಎಂದುಕೊಳ್ಳುವುದು ತಮಾಕಿಗೆ ಅನುಕೂಲವಾಗಿತ್ತು. ಟಿಕೆಟ್ ಕಿಟಕಿಗೆ ಹೋಗಿ ಕೂತ ಚಾಲಕ, ಬಿಟ್ಟುಬಿಡಿ ಅಂದ ಕ್ರಾಸಿಂಗ್, ಅಲ್ಲಿ ಸತ್ತ ಹೆಂಗಸು. ಮೂರೂ ಅವಳ ಕೈಯಲ್ಲಿದ್ದವು. ಜೋಡಿಸಿ ನೋಡಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಆದರೆ ನೋಡಿದರೆ ಕೆಲಸ ನಿಲ್ಲಿಸಬೇಕಾಗುತ್ತದೆಂದು ಅವಳ ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿತ್ತು. ಅವಳು ನೋಡಲಿಲ್ಲ.

ಯಾಸುಯೊಳ ಬೊಂಬೆಯನ್ನು ತಮಾಕಿಯೇ ಮಾಡಿದಳು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಸೂಜಿಮೊನೆಯಲ್ಲಿ ಬಿಳಿ ಬಣ್ಣ ಅದ್ದಿ ಟವೆಲ್ ಬರೆದಳು, ಕೂದಲೆಳೆಯಷ್ಟು ತೆಳು ತಂತಿಯಿಂದ ಎತ್ತಿದ ಕೈ ಮಾಡಿದಳು. ತಾತ ಬರುವ ಶನಿವಾರಗಳಲ್ಲಿ ಆ ಭಾಗದ ಮೇಲೆ ಬಟ್ಟೆ ಮುಚ್ಚಿಡುತ್ತಿದ್ದಳು. "ಅದರೊಳಗೇನಮ್ಮ, ಮದುವಣಗಿತ್ತೀನಾ?" ಎಂದು ತಾತ ತಮಾಷೆ ಮಾಡಿದರೆ, "ಹಬ್ಬದ ದಿನ ನೋಡಿ ತಾತ" ಅನ್ನುತ್ತಿದ್ದಳು.

ಎಲ್ಲ ಕ್ಲಬ್ಬುಗಳೂ ಊರವರಿಗೆ ತಮ್ಮ ಕೆಲಸ ತೋರಿಸುವ ಎರಡು ದಿನಗಳ ಶಾಲೆಯ ಹಬ್ಬ ಮರಸೇಬಿನ ಕೊಯ್ಲು ಮುಗಿಯುವ ಕಾಲಕ್ಕೆ ಬಂತು. ಅಂಗಳದಲ್ಲಿ ಹುರಿದ ನೂಡಲ್ಸಿನ ಹೊಗೆ, ಮಹಡಿಯ ಮೇಲೆ ಬ್ಯಾಂಡಿನವರ ಗದ್ದಲ. ರೈಲ್ವೆ ಕ್ಲಬ್ಬಿನ ಕೋಣೆಗೆ ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದರು. ಊರಿನ ಮುದುಕರು ಬಾಗಿ ನೋಡಿ, "ನೋಡೋ, ನಮ್ಮ ಅಕ್ಕಿಗಿರಣಿ! ಈ ಕಡೆ ಕಾಣ್ತಿರೋದು ನಮ್ಮ ದನದ ಕೊಟ್ಟಿಗೆ" ಎಂದು ಮಕ್ಕಳಂತೆ ಬೆರಳು ತೋರಿಸಿದರು. ತಾತ ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ತಮಾಕಿ ಅವರನ್ನು ಕಂಟ್ರೋಲರಿನ ಮುಂದೆ ಕೂರಿಸಿ, ಎಲ್ಲರಿಗೂ ಕೇಳುವಂತೆ, "ಇವತ್ತು ಒಬತಾ ತಾತನಿಗೆ ನಮ್ಮದೊಂದು ಉಡುಗೊರೆ ಇದೆ" ಎಂದು ಹೇಳಿ ಬಟ್ಟೆ ಎಳೆದಳು.

ಗಾಡಿ ಆಗಲೇ ಸೇತುವೆಯ ಮೇಲಿತ್ತು. ತಾತ ನಗುತ್ತಲೇ ತೋಟದ ಕಡೆಗೆ ಕಣ್ಣು ಹಾಯಿಸಿದರು. ಸೇತುವೆ ಇಳಿದು ಗಾಡಿ ತೋಟದೊಳಗೆ ಬಂತು. ಹಳದಿ ಕಂಬಕ್ಕೆ ಒಂದು ಗೇಣು ಇರುವಾಗ ಅವರು ಗುಂಡಿಯನ್ನು ಸೊನ್ನೆಗೆ ತಿರುಗಿಸಿದರು. ಗಾಡಿ ಗಕ್ಕನೆ ನಿಂತಿತು. ಅವರು ಗಾಡಿಯನ್ನು ಹಾಗೆ ನಿಲ್ಲಿಸಿದ್ದನ್ನು ಯಾರೂ ನೋಡಿರಲಿಲ್ಲ.

"ಏನಾಯ್ತು ತಾತ, ಕರೆಂಟ್ ಹೋಯ್ತಾ?" ಕೊಕೊನಾ ಕೇಳಿದಳು.

ಗುಂಡಿಯ ಮೇಲೆ ತಾತನ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಹಿಡಿದಿದ್ದವು. ಆಮೇಲೆ ಎದ್ದರು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ತಳ್ಳಿದರು, ಜನರಿಗೆ ತಲೆ ಬಾಗಿಸಿ, "ಕ್ಷಮಿಸಿ, ಸ್ವಲ್ಪ..." ಎಂದಷ್ಟೇ ಹೇಳಿ ಹೊರಗೆ ನಡೆದರು. ಜನರ ನಡುವಿನಿಂದ ಒಬ್ಬ ಮುದುಕಿ ಮೆಲ್ಲಗೆ ಅಂದಳು: "ಪಾಪ, ಆವತ್ತು ಗಾಡಿ ಓಡಿಸ್ತಿದ್ದೋರೇ ಅವರಲ್ವೇನ್ರೇ."

ಇಗಾರಾಶಿ ಮೇಷ್ಟ್ರು ಒಳಗೆ ಬಂದು ತಮಾಕಿಯ ಭುಜ ಮುಟ್ಟಿ, "ನಿನಗೆ ಹೇಗಮ್ಮ ಗೊತ್ತಾಗಬೇಕು? ಒಳ್ಳೇ ಮನಸ್ಸಿಂದ ಮಾಡಿದ್ದು" ಅಂದರು. ಕೊಕೊನಾ ಅಳುತ್ತ, "ಅಕ್ಕಾ, ನಮ್ಮದೇನೂ ತಪ್ಪಿಲ್ಲ ಅಲ್ವಾ? ನಮಗೆ ಗೊತ್ತೇ ಇರಲಿಲ್ಲ ಅಲ್ವಾ?" ಎಂದು ಅವಳ ತೋಳು ಹಿಡಿದಳು. ತಮಾಕಿ ಹೂಂಗುಟ್ಟಿದಳು. ಶೂಗೊ ಗೋಡೆಗೆ ಒರಗಿ ತನ್ನ ಬೂಟು ನೋಡುತ್ತಿದ್ದ. ಅವನು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅವನು ಬೈದಿದ್ದರೇ ಚೆನ್ನಾಗಿತ್ತು ಎಂದು ತಮಾಕಿಗೆ ಅನಿಸಿತು.

ಜನ ಹೋದ ಮೇಲೆ ಅವಳು ಬೊಂಬೆಯನ್ನು ಕಿತ್ತಳು. ಅಂಟು ಗಟ್ಟಿಯಾಗಿತ್ತು. ಚಿಮುಟದಿಂದ ಎಳೆದಾಗ ಪಾದಗಳು ಹಲಗೆಯ ಮೇಲೇ ಉಳಿದು, ಮೇಲಿನದಷ್ಟೇ ಕೈಗೆ ಬಂತು. ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ನೂಡಲ್ಸಿನ ತಟ್ಟೆಗಳು ತುಂಬಿದ್ದ ಕಸದ ಚೀಲಕ್ಕೆ ಹಾಕಿದಳು. ಅವಳಿಗೆ ಅದು ಕಣ್ಣೆದುರಿಗೆ ಇರಬಾರದಿತ್ತು, ಅಷ್ಟೇ.

ಸಂಜೆ ಮೇಷ್ಟ್ರ ಜೊತೆ ತಾತನ ಮನೆಗೆ ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರುಹೊಡೆದಿದ್ದಳು. ಬಾಗಿಲಲ್ಲಿ ತಾತನ ಬಡಕಲು ಮುಖ ಕಂಡಾಗ ಬಾಯಿಂದ ಬಂದದ್ದೇ ಬೇರೆ.

"ತಾತ, ನಂಗೆ ಗೊತ್ತಿರಲಿಲ್ಲ. ನಿಜವಾಗ್ಲೂ ಏನೂ ಗೊತ್ತಿರಲಿಲ್ಲ. ತಪ್ಪಾಯ್ತು."

"ಗೊತ್ತಿಲ್ಲದೆ ಮಾಡಿದ್ದಕ್ಕೆ ತಪ್ಪೇನು ಬಂತು ಮಗಳೇ. ಒಳಗೆ ಬಾ, ಥಂಡಿ ಇದೆ" ಅಂದರು ತಾತ. ಒಳಗೆ ಕೂರಿಸಿ ಚಹಾ ಕೊಟ್ಟರು. ಅವರೇ ಮೇಷ್ಟ್ರಿಗೆ ಸಮಾಧಾನ ಹೇಳುವವರಂತೆ ಮಾತಾಡಿದರು. "ಅವತ್ತು ನಾನು ಹಾರ್ನ್ ಹೊಡೆಯೋದು ಒಂದು ಕ್ಷಣ ತಡ ಮಾಡಿದೆ, ಮೇಷ್ಟ್ರೇ. ವಿಚಾರಣೆಯೋರು ಇಲ್ಲ ಅಂದ್ರು, ನಿಂದೇನೂ ತಪ್ಪಿಲ್ಲ ಅಂದ್ರು. ಆದರೆ ಆಕೆ ದಿನಾ ಕೈ ಬೀಸೋಳಲ್ಲ, ಅವತ್ತೂ ಬೀಸೋಕೇ ನಿಂತಿದ್ದಾಳೆ ಅಂದ್ಕೊಂಡೆ. ಕಾಲು ಮುಂದಿಟ್ಟಿದ್ದು ಕಂಡ ಮೇಲೆ ಹೊಡೆದೆನೋ, ಮೊದಲೇ ಹೊಡೆದೆನೋ... ಕಂಡ ಮೇಲೇ ಹೊಡೆದೆ ಅಂತ ನಂಗನ್ನಿಸುತ್ತೆ." ಮಾತು ನಿಲ್ಲಿಸಿ ತಮಾಕಿಯ ಕಡೆ ತಿರುಗಿ, "ನೀನು ಅಳಬೇಡ. ಬಿಲ್ಲೆ ತಿನ್ನು" ಅಂದರು.

ಅವಳು ತಿಂದಳು. ಕೊಟ್ಟ ಚಹಾವನ್ನೂ ಮುಗಿಸಿದಳು.

ಹಬ್ಬದ ಎರಡನೇ ದಿನ ಭಾನುವಾರ. ಬೆಳಿಗ್ಗೆ ಕೋಣೆ ತೆರೆದು ಇನ್ನೂ ಜನ ಬರುವ ಮೊದಲೇ, ತೋಟದ ಬೂಟು ಹಾಕಿದ ಒಬ್ಬ ಹೆಂಗಸು ಚಿಕ್ಕ ಮಗನ ಕೈ ಹಿಡಿದು ಬಂದಳು. ನಲವತ್ತರ ಆಸುಪಾಸು. ಕೈಯಲ್ಲಿ ಮರಸೇಬಿನ ಚೀಲ.

"ನಾನು ಮೊರಿವಾಕಿ ಮಿಹೊ ಅಂತ. ನಮ್ಮಮ್ಮ ಇಲ್ಲಿ ನಿಂತಿದ್ದಾಳೆ ಅಂತ ಪಕ್ಕದ ಮನೆಯೋರು ಹೇಳಿದ್ರು. ನಗ್ತಾ ಕೈ ಎತ್ತಿದ್ದಾಳಂತೆ. ಇವನಿಗೆ ತೋರಿಸೋಣ ಅಂತ ಬಂದೆ, ಇವನು ಅಜ್ಜೀನ ನೋಡೇ ಇಲ್ಲ." ಅವಳು ಆಗಲೇ ಬಾಗಿ ಹುಡುಕುತ್ತಿದ್ದಳು. "ಎಲ್ಲಿ? ಅಯ್ಯೋ ನಮ್ಮ ಶೆಡ್ಡು! ತಗಡೂ ಹಂಗೇ ಇದೆ. ಅಮ್ಮ ಎಲ್ಲಮ್ಮಾ?"

ಶೂಗೊ ತಮಾಕಿಯ ಕಡೆ ನೋಡಿದ.

"ತೆಗೆದುಬಿಟ್ಟೆ" ಅಂದಳು ತಮಾಕಿ.

"ತೆಗೆದ್ರಾ? ಎಲ್ಲಿಟ್ಟಿದ್ದೀರಿ?"

ತಮಾಕಿಗೆ ಸುಳ್ಳು ಹೇಳಬೇಕೆನಿಸಿತು. ಕಳೆದುಹೋಯಿತು ಅನ್ನಬಹುದಿತ್ತು. ನಿನ್ನೆಯ ಸುಳ್ಳು ಇನ್ನೂ ಗಂಟಲಲ್ಲೇ ಇದ್ದುದರಿಂದ ಇನ್ನೊಂದಕ್ಕೆ ಜಾಗವಿರಲಿಲ್ಲ. "ಕಸದ ಚೀಲಕ್ಕೆ ಹಾಕಿದೆ. ಬೆಳಿಗ್ಗೆ ತಗೊಂಡುಹೋದ್ರು."

ಮಿಹೊಗೆ ನಗು ಬಂತು, ನಗುನಗುತ್ತಲೇ ಕಣ್ಣು ತುಂಬಿತು. "ಕಸಕ್ಕಾ? ನಮ್ಮಮ್ಮ ಕೇಳಿದ್ರೆ ಬಿದ್ದು ಬಿದ್ದು ನಗೋಳು" ಅಂದಳು. ಹುಡುಗ ಗಾಬರಿಯಿಂದ ತಾಯಿಯ ಮುಖ ನೋಡಿದ. ಕೊಕೊನಾ ಅವನನ್ನು ಕಂಟ್ರೋಲರಿನ ಹತ್ತಿರ ಕರೆದುಕೊಂಡು ಹೋಗಿ ಗಾಡಿ ಓಡಿಸಲು ಕೊಟ್ಟಳು.

"ಯಾಕೆ ತೆಗೆದೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ನಿನ್ನೆ ಗಾಡಿ ಓಡಿಸ್ತಿದ್ದೋರು ಒಬತಾ ತಾತ. ಅವರು ನೋಡಿ ಎದ್ದುಹೋದ್ರು."

ಮಿಹೊ ಹತ್ತಿರದ ಕುರ್ಚಿ ಎಳೆದು ಕೂತಳು. "ಅವರು ಇನ್ನೂ ಈ ಊರಲ್ಲೇ ಇದ್ದಾರಾ? ಮಗನ ಜೊತೆ ಒಸಾಕಾಗೆ ಹೋದ್ರು ಅಂತ ಯಾರೋ ಅಂದಿದ್ರು. ನಾನೂ ನಂಬಿಕೊಂಡೆ. ನಂಬೋಕೆ ಸುಲಭವಾಗಿತ್ತು."

"ಅವರು ಹಾರ್ನ್ ತಡವಾಗಿ ಹೊಡೆದೆ ಅಂತಿದ್ರು. ಅದಕ್ಕೇ ಹಿಂಗಾಯ್ತು ಅಂತ."

"ತಡವಾ?" ಮಿಹೊ ತಲೆಯೆತ್ತಿದಳು. "ಯಾರು ಹೇಳಿದ್ದು ತಡ ಅಂತ?"

"ಅವರೇ."

ಮಿಹೊ ಮರಸೇಬಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಯನ್ನು ಸುತ್ತತೊಡಗಿದಳು. ಮಾತು ಶುರುವಾದ ಮೇಲೆ ನಿಲ್ಲಲಿಲ್ಲ.

"ಹಾರ್ನ್ ಸರಿಯಾಗೇ ಹೊಡೆದ್ರು. ಸೇತುವೆ ಇಳಿದಾಗಲೇ ಹೊಡೆದ್ರು, ಇನ್ನೊಂದ್ಸಲನೂ ಹೊಡೆದ್ರು. ನಾನು ಕೇಳಿಸ್ಕೊಂಡೆ. ನಾನು ಆ ಕಡೆ ಇದ್ದೆ, ಹಳಿಯ ಆಚೆ. ಊಟ ತಂದಿದ್ದೆ. ಅಮ್ಮನಿಗೆ ಎಡಗಿವಿ ಮಂದವಾಗಿತ್ತು, ಮನೆಯೋರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ, ನಾಚಿಕೆ ಅವಳಿಗೆ. ಅವತ್ತು ನಂಗೆ ಸಿಟ್ಟು ಬಂದಿತ್ತು, ಎಷ್ಟು ಹೊತ್ತು ಕಾಯೋದು ಅಂತ. ಗಾಡಿ ಇನ್ನೂ ದೂರ ಇದೆ ಅಂದ್ಕೊಂಡು ಕೂಗಿದೆ. ಅಮ್ಮಾ, ಬೇಗ ಬಾ, ಆರಿಹೋಗ್ತಿದೆ ಅಂತ. ಅವಳಿಗೆ ನನ್ನ ಕೂಗೊಂದೇ ಕೇಳಿಸ್ತು. ಬಂದಳು."

ತಮಾಕಿ ಇನ್ನೊಂದು ಕುರ್ಚಿ ಎಳೆದು ಅವಳೆದುರು ಕೂತಳು.

"ವಿಚಾರಣೆಯೋರು ಬಂದಾಗ ಅಪ್ಪ ಪಕ್ಕದಲ್ಲೇ ಕೂತಿದ್ದ. ಅಪ್ಪನ ಮುಂದೆ ಹೇಗೆ ಹೇಳೋದು, ನಾನೇ ಕರೆದೆ ಅಂತ? ನೋಡಲಿಲ್ಲ ಅಂದೆ. ಅದಾಗಿ ಒಬತಾ ಅವರು ಮನೆಗೆ ಬಂದು ಚಾಪೆಗೆ ಹಣೆ ಹಚ್ಚಿ ಕ್ಷಮೆ ಕೇಳಿದ್ರು. ಅಪ್ಪ ಅವರನ್ನ ಎಬ್ಬಿಸಿ ಚಹಾ ಕೊಟ್ಟ. ನಾನು ಬಾಗಿಲ ಹಿಂದೆ ನಿಂತಿದ್ದೆ, ಹೊರಗೆ ಬರಲಿಲ್ಲ. ಮೊದಲನೇ ದಿನ ಹೇಳದಿದ್ರೆ ಎರಡನೇ ದಿನ ಇನ್ನೂ ಕಷ್ಟ ಆಗುತ್ತೆ ಕಣಮ್ಮ. ಆಮೇಲೆ ವರ್ಷಗಳೇ ಉರುಳಿ ಹೋಗುತ್ತೆ. ಅಪ್ಪನೂ ಹೋದ. ಈಗ ಇವತ್ತು, ಇಲ್ಲಿ, ನಿನ್ನ ಮುಂದೆ ಹೇಳ್ತಿದ್ದೀನಿ, ನೋಡು."

ಆಚೆ ಹುಡುಗ ಗಾಡಿಯನ್ನು ಸುರಂಗದೊಳಗೆ ಹೊಗಿಸಿ ಚಪ್ಪಾಳೆ ತಟ್ಟಿದ. ಮಿಹೊ ಮೂಗು ಒರೆಸಿಕೊಂಡು ಎದ್ದಳು. "ಅವರ ಮನೆ ತೋರಿಸ್ತೀಯಾ?"

"ನಾನೂ ಬರ್ತೀನಿ. ನಂಗೂ ಹೇಳೋದಿದೆ."

ಹೊರಡುವ ಮೊದಲು ತಮಾಕಿ ಶೂಗೊನ ಹತ್ತಿರ ಹೋದಳು. "ನಂಗೆ ಗೊತ್ತಿತ್ತು ಅಂತ ನೀನು ಯಾಕೋ ಯಾರಿಗೂ ಹೇಳಲಿಲ್ಲ?"

"ಅದು ನಾನು ಹೇಳೋ ಮಾತಲ್ಲ" ಅಂದ ಶೂಗೊ. "ಮತ್ತೆ ನಾನೂ ಸುಮ್ನಾದೆನಲ್ಲ ಕಣೇ. ನೀನು ಅಂದಿದ್ದು ಕೇಳಿ ಅಸಹ್ಯ ಆಯ್ತು. ಆದ್ರೂ ಶೆಡ್ಡಿನ ತಗಡಿಗೆ ಬಣ್ಣ ಹಚ್ಚಿಕೊಟ್ಟೆ."

ಮಗನನ್ನು ಕೊಕೊನಾಳ ಹತ್ತಿರ ಬಿಟ್ಟು ಮಿಹೊ, ತಮಾಕಿ ಇಬ್ಬರೂ ಬಂದರಿನ ಓಣಿಗೆ ನಡೆದರು. ಓಣಿಯ ತಿರುವಿನಲ್ಲಿ ಮಿಹೊ ಒಮ್ಮೆ ನಿಂತು, "ವಾಪಸು ಹೋಗೋಣ್ವಾ?" ಅಂದಳು. ತಮಾಕಿಗೂ ಅದೇ ಬೇಕಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಹೆಜ್ಜೆ ಹಾಕಿದರು.

ತಾತ ಬಾಗಿಲು ತೆರೆದರು. ಮಿಹೊಳ ಗುರುತು ಅವರಿಗೆ ಕೂಡಲೇ ಸಿಕ್ಕಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರು ಮಿಹೊಗೆ ತಲೆ ಬಾಗಿಸುವ ಮೊದಲೇ ತಮಾಕಿ ಮುಂದೆ ಬಂದಳು.

"ತಾತ, ನಿನ್ನೆ ನಾನು ಸುಳ್ಳು ಹೇಳಿದೆ. ಅಲ್ಲಿ ಅವರು ಸತ್ತಿದ್ದು ನಂಗೆ ಗೊತ್ತಿತ್ತು. ಶೂಗೊ ಮೊದಲೇ ಹೇಳಿದ್ದ, ನಿಮ್ಮನ್ನ ಕೇಳು ಅಂದಿದ್ದ. ಓಡಿಸ್ತಿದ್ದೋರು ನೀವು ಅಂತ ಯಾರೂ ಹೇಳಿರಲಿಲ್ಲ. ಆದ್ರೆ ನಾನು ಯೋಚಿಸಿದ್ರೆ ಗೊತ್ತಾಗ್ತಿತ್ತು. ಬೇಕಂತಲೇ ಯೋಚಿಸಲಿಲ್ಲ. ಬಹುಮಾನಕ್ಕೆ ಒಳ್ಳೇ ಕತೆ ಅಂದ್ಕೊಂಡೆ. ಸತ್ತಿದ್ರೆ ಇನ್ನೂ ಒಳ್ಳೇದು ಅಂತ ಬಾಯಿಬಿಟ್ಟು ಅಂದೆ."

ತಾತ ಅವಳನ್ನು ನೋಡುತ್ತಲೇ ಇದ್ದರು.

"ನಿನ್ನೆ ಇಲ್ಲಿ ಕೂತು ಚಹಾ ಕುಡಿದೆಯಲ್ಲ" ಅಂದರು. ಧ್ವನಿ ಏರಲಿಲ್ಲ, ಆದರೆ ಆ ಧ್ವನಿಯನ್ನು ಅವಳು ಎಂದೂ ಕೇಳಿರಲಿಲ್ಲ. "ನನ್ನ ಕೈಯಿಂದ ಬಿಲ್ಲೆ ತಗೊಂಡು ತಿಂದೆಯಲ್ಲ. ನಾನು ನಿನಗೆ ಸಮಾಧಾನ ಹೇಳಿದೆನಲ್ಲ!"

"ತಪ್ಪಾಯ್ತು ತಾತ."

"ಇವತ್ತು ತಪ್ಪಾಯ್ತು ಅನ್ನೋಕೆ ಬಂದೆ. ಹೇಳಿ ಹಗುರ ಮಾಡ್ಕೊಂಡು ಹೋಗೋಣ ಅಂತ. ಹೋಗು. ನಂಗೆ ನಿನ್ನ ಮುಖ ನೋಡೋಕಾಗಲ್ಲ, ಹೋಗು."

ಅವರು ಬಾಗಿಲು ಎಳೆದುಕೊಳ್ಳತೊಡಗಿದರು. ಮಿಹೊ ಬಾಗಿಲಿಗೆ ಕೈ ಅಡ್ಡ ಹಿಡಿದಳು. "ಒಬತಾ ಅವರೇ, ನೀವು ಹಾರ್ನ್ ತಡ ಮಾಡಲಿಲ್ಲ. ನಾನು ಅಲ್ಲಿದ್ದೆ. ನಾನು ಹೇಳ್ತೀನಿ, ಒಳಗೆ ಬರಲಾ?"

ಬಾಗಿಲು ನಿಂತಿತು. ಮಿಹೊ ಬೂಟು ಬಿಚ್ಚಿ ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ತಮಾಕಿ ಓಣಿಯಲ್ಲಿ ಉಳಿದಳು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಒಂದು ಸಲ ಮಾತ್ರ ಮುದುಕರು ಅಳುವುದು ಕೇಳಿಸಿತು, ಅದು ತನಗೆ ಕೇಳಿಸಬಾರದ್ದು ಅನ್ನಿಸಿ ಅವಳು ಅಲ್ಲಿಂದ ಹೊರಟಳು.

ಸೋಮವಾರ ಅವಳು ಕ್ಲಬ್ಬಿನ ಕೋಣೆಗೆ ಮೇಷ್ಟ್ರನ್ನೂ ಕರೆಸಿ, ತಾನು ಅಂದದ್ದು, ಮಾಡಿದ್ದು ಎಲ್ಲವನ್ನೂ ಹೇಳಿದಳು. ಕೊಕೊನಾಳ ಮುಖ ಸಣ್ಣಗಾಯಿತು. "ನಾನು ಅಮ್ಮನ ಹತ್ರ, ನಮ್ಮ ಅಕ್ಕಂಗೆ ಪಾಪ ಏನೂ ಗೊತ್ತಿರಲಿಲ್ಲ ಅಂತ ಜಗಳ ಆಡಿದೆ" ಅಂದಳು. ಆಮೇಲೆ ಎಷ್ಟೋ ದಿನ ಅವಳು ತಮಾಕಿಯನ್ನು ಅಕ್ಕ ಅನ್ನಲಿಲ್ಲ, ಹೆಸರಿಗೆ 'ಅವರೇ' ಎಂದು ಸೇರಿಸಿ ಹೊರಗಿನವರನ್ನು ಕರೆಯುವಂತೆ ಕರೆದಳು. ಮುಂದಾಳುತನವನ್ನು ತಮಾಕಿ ಶೂಗೊಗೆ ಬಿಟ್ಟುಕೊಟ್ಟಳು. ಕ್ಲಬ್ಬನ್ನೇ ಬಿಡುತ್ತೇನೆ ಅಂದಾಗ ಶೂಗೊ, "ಬಿಟ್ಟು ಹೋದ್ರೆ ಸುಲಭ ಆಗುತ್ತೆ ನಿಂಗೆ. ಹಳಿ ಒರೆಸೋರು ಯಾರು?" ಅಂದ. ಅವಳು ಉಳಿದಳು.

ಚಳಿಗಾಲವೆಲ್ಲ ಅವಳು ಹಳಿ ಒರೆಸಿದಳು, ತಂತಿ ಬೆಸೆದಳು, ಯಾರಿಗೂ ಬೇಡದ ಕೆಲಸ ಹುಡುಕಿ ಮಾಡಿದಳು. ಕ್ರಾಸಿಂಗ್ ಖಾಲಿಯಾಗಿಯೇ ಉಳಿಯಿತು. ಮಿಹೊಳನ್ನು ಕೇಳಿದಾಗ, "ಬೇಡ, ಇನ್ನೊಂದು ಬೊಂಬೆ ಮಾಡಬೇಡ. ಅದು ನಮ್ಮಮ್ಮ ಆಗಲ್ಲ" ಅಂದಿದ್ದಳು. ಆದರೂ ಮಿಹೊ ಆಗಾಗ ಮಗನನ್ನು ಕರೆತರುತ್ತಿದ್ದಳು. ಒಬತಾ ಅವರ ಮನೆಗೂ ಹೋಗುತ್ತಿರುತ್ತಾಳೆಂದು ಊರವರು ಹೇಳುತ್ತಿದ್ದರು. ಅಲ್ಲಿ ಏನು ಮಾತಾಯಿತೆಂದು ಅವಳು ಎಂದೂ ಹೇಳಲಿಲ್ಲ, ತಮಾಕಿ ಕೇಳಲಿಲ್ಲ.

ಹಿಮ ಕರಗುವ ಹೊತ್ತಿಗೆ ಒಂದು ಶನಿವಾರ ಶೂಗೊನ ಜೊತೆ ತಾತ ಬಂದರು. ಸೊರಗಿದ್ದರು. ಕೋಣೆಯೊಳಗೆ ಬಂದು ಕೊಕೊನಾಳ ಮರಗಳನ್ನು ಹೊಗಳಿದರು, ಶೂಗೊನ ಹೊಸ ಸುರಂಗವನ್ನು ಬೈದರು. ಮೂಲೆಯಲ್ಲಿ ಹಳಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ತಮಾಕಿಯ ಮೇಲಿಂದ ಅವರ ಕಣ್ಣು ಗೋಡೆಯ ಮೇಲಿಂದ ಜಾರುವಂತೆ ಜಾರಿತು. ಮುಂದಿನ ಶನಿವಾರವೂ ಹಾಗೇ. ಅದರ ಮುಂದಿನದ್ದೂ. ಅವಳು ತಲೆ ಬಾಗಿಸುತ್ತಿದ್ದಳು, ಅವರು ನೋಡುತ್ತಿರಲಿಲ್ಲ. ಮನೆಗೆ ಹೋಗುವಾಗ ಅವಳು ಶೂಗೊಗೆ, "ಬಂದ್ರಲ್ಲ, ಅಷ್ಟು ಸಾಕು" ಅನ್ನುತ್ತಿದ್ದಳು. ಸಾಕಾಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಮೂರನೇ ವರ್ಷದ ತರಗತಿಗಳು ಶುರುವಾದ ಮೇಲಿನ ಮಾತು. ಗಾಡಿಯ ಚಕ್ರ ಕಚ್ಚಿಕೊಳ್ಳುತ್ತಿತ್ತು. ತಾತ ಕನ್ನಡಕ ಏರಿಸಿ ಗಾಡಿಯನ್ನು ಬೋರಲು ಹಾಕಿಕೊಂಡು ಕೂತಿದ್ದರು. ಶೂಗೊ, ಕೊಕೊನಾ ಇಬ್ಬರೂ ಬಣ್ಣ ತರಲು ಹೋಗಿದ್ದರು. ಕೋಣೆಯಲ್ಲಿ ಇದ್ದದ್ದು ತಾತ, ತಮಾಕಿ ಇಬ್ಬರೇ. ತಾತ ಚಿಕ್ಕ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

"ಆ ಸಣ್ಣ ಚಿಮುಟ ಕೊಡು" ಅಂದರು ತಾತ, ತಲೆ ಎತ್ತದೆ.

ಅವಳು ಚಿಮುಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವರು ತಗೊಂಡರು. ಚಕ್ರದ ಸಂದಿಯಿಂದ ಉದ್ದನೆಯ ಕೂದಲೊಂದನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿದರು.

"ನಿನ್ನದೇ ಇರಬೇಕು. ಕೂದಲು ಕಟ್ಕೊಂಡು ಕೆಲಸ ಮಾಡು."

"ಹೂಂ" ಅಂದಳು ತಮಾಕಿ. ಕ್ಷಮಿಸಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಅವರು ಅದನ್ನು ಕೇಳಿಸಿಕೊಳ್ಳಲು ಇನ್ನೂ ತಯಾರಿಲ್ಲವೆಂದು ಅವಳಿಗೆ ಕಂಡಿತು. ರಬ್ಬರು ಹುಡುಕಿ ಕೂದಲು ಕಟ್ಟಿಕೊಂಡು, ಅವರ ಎದುರಿನ ಕುರ್ಚಿಯಲ್ಲಿ ಕೂತು, ಮುಂದೆ ಏನು ಕೇಳುತ್ತಾರೋ ಎಂದು ಕಾಯತೊಡಗಿದಳು.